ನಾಲ್ಕು ದಿನದ ಹಾಲು

"ಎರಡೇ ಪುಟ ಸಾಕು ಮೇಡಂ, ಒಳ್ಳೇ ನಾಲ್ಕು ಮಾತು ಬರ್ಕೊಡಿ" ಅಂತ ಹಾಸನದಿಂದ ಮೂರನೇ ಸಲ ಫೋನು ಬಂತು. ನಮ್ಮ ಮೇಷ್ಟ್ರು ಚನ್ನರಾಯಪಟ್ಟಣದ ತಮ್ಮ ಕಂಪ್ಯೂಟರ್ ಸೆಂಟರಿಗೆ ಬೀಗ ಹಾಕಿ ಮನೆಯಲ್ಲಿ ಕೂರುತ್ತಾರಂತೆ. ಅದಕ್ಕೆ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಹಾಸನದಲ್ಲಿ ಸನ್ಮಾನ ಇಟ್ಟುಕೊಂಡಿದ್ದಾರೆ. ಶಾಲು, ಹಾರ, ಮೈಸೂರು ಪೇಟ, ಜೊತೆಗೊಂದು ಪುಸ್ತಕ. ಆ ಪುಸ್ತಕದಲ್ಲಿ ನನ್ನದೂ ಒಂದು ಲೇಖನ ಇರಬೇಕಂತೆ. "ನೀವು ಅವರ ನೆಚ್ಚಿನ ಶಿಷ್ಯೆ ಅಲ್ವಾ ಮೇಡಂ?" ಅಂದರು ಫೋನಿನಲ್ಲಿದ್ದವರು. ಹೌದು ಸ್ವಾಮಿ, ನೆಚ್ಚಿಕೊಂಡಿದ್ದವಳು ನಾನೇ. ಯೋಚನೆ ಮಾಡಿ ಹೇಳ್ತೀನಿ ಅಂತ ಫೋನು ಇಟ್ಟೆ.

ಒಳ್ಳೆಯ ಮಾತು ನಾಲ್ಕಲ್ಲ, ನಲವತ್ತು ಬರೆಯಬಹುದು. ಅದೇ ನನ್ನ ಸಂಕಟ. ಕೆಟ್ಟವನು ಮೋಸ ಮಾಡಿದರೆ ಬೈದು, ಉಗಿದು, ಎರಡು ದಿನಕ್ಕೆ ಮರೆತುಬಿಡಬಹುದು. ಇವರು ಕೆಟ್ಟವರಾಗಿರಲಿಲ್ಲ. ಆಣೆ ಮಾಡಿ ಹೇಳ್ತೀನಿ, ಇರಲಿಲ್ಲ.

ಹೊಳೆನರಸೀಪುರದವರು. ದೇವಸ್ಥಾನದ ಬೀದಿಯಲ್ಲಿ ಮನೆ, ಹಿರಿಯರೆಲ್ಲ ಪೂಜೆ ಮಾಡಿಕೊಂಡು ಬಂದವರು. ಇವರೊಬ್ಬರು ಲೆಕ್ಕ ಓದಿ, ಕಾಲೇಜಿನಲ್ಲಿ ಒಂದಷ್ಟು ವರ್ಷ ಪಾಠ ಮಾಡಿ, ಯಾರ ಜೊತೆಗೋ ಜಗಳ ಆಡಿ ಕೆಲಸ ಬಿಟ್ಟು, ಚನ್ನರಾಯಪಟ್ಟಣದಲ್ಲಿ ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ ಎಂಟು ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದರು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರೋರು, ಸಂಜೆ ಬಸ್ಸಿನಲ್ಲಿ ಹೋಗೋರು. ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಪಕ್ಕದಲ್ಲಿ ಹಳೆಯದೊಂದು ಹಲ್ಲುಜ್ಜುವ ಬ್ರಷ್ಷು. ಮೊದಲ ದಿನ ಅದನ್ನು ನೋಡಿ ನನಗೆ ನಗು ತಡೆಯಲಿಲ್ಲ. ಆಮೇಲೆ ಗೊತ್ತಾಯಿತು, ಬೆಳಿಗ್ಗೆ ಬಂದ ಕೂಡಲೇ ಎಂಟೂ ಕೀಬೋರ್ಡುಗಳ ಸಂದಿಯಲ್ಲಿನ ಧೂಳನ್ನು ಅದರಿಂದಲೇ ಉಜ್ಜಿ ತೆಗೆಯುತ್ತಿದ್ದರು. ಬೇರೆ ಯಾರಿಗೂ ಆ ಕೆಲಸ ಬಿಡುತ್ತಿರಲಿಲ್ಲ. ಕೆಳಗಿನಿಂದ ಏರಿ ಬರುವ ಯೂರಿಯಾ ವಾಸನೆಗೆ ಮಾತ್ರ ಅವರ ಹತ್ತಿರ ಔಷಧಿ ಇರಲಿಲ್ಲ.

ನಾನು ಹಾಸನದಲ್ಲಿ ಬಿಸಿಎ ಮುಗಿಸಿ ಕೆಲಸ ಕೇಳಿಕೊಂಡು ಹೋದಾಗ ಅವರು ಮಾರ್ಕ್ಸ್ ಕಾರ್ಡು ನೋಡಲೇ ಇಲ್ಲ. ಕುರ್ಚಿ ಎಳೆದು, "ಕೂತ್ಕೊಳಮ್ಮ. ಪೈಥಾನ್ ಬರುತ್ತಾ? ಉದ್ದದೊಂದು ಸ್ಟ್ರಿಂಗ್ ತಗೋ. ನಡುವೆ ಎಲ್ಲಾದರೂ ಒಂದೇ ಒಂದು ಅಕ್ಷರ ಬದಲಾಯಿಸಿ ತೋರಿಸು" ಅಂದರು. ಇಷ್ಟೇನಾ ಅಂತ ನನಗೆ. ಆ ಭಾಷೆಯಲ್ಲಿ ಒಮ್ಮೆ ಮಾಡಿಟ್ಟ ಅಕ್ಷರದ ಸಾಲನ್ನು ನೇರವಾಗಿ ತಿದ್ದೋಕೆ ಬರುವುದಿಲ್ಲ. ಹಾಗಾಗಿ ಆ ಅಕ್ಷರದ ಹಿಂದಿನ ತುಂಡು, ಮುಂದಿನ ತುಂಡು ಎರಡನ್ನೂ ಕತ್ತರಿಸಿ, ನಡುವೆ ಹೊಸ ಅಕ್ಷರ ಇಟ್ಟು, ಮೂರನ್ನೂ ಅಂಟಿಸಿ ತೋರಿಸಿದೆ. ಸರಿಯಾಗೇ ಬಂತು. ಮೇಷ್ಟ್ರು ಕನ್ನಡಕ ಮೇಲೇರಿಸಿ, "ಕೆಲಸ ಆಯ್ತು. ಆದ್ರೆ ಒಂದು ಕಿಟಕಿ ಇಡೋಕೆ ಇಡೀ ಮನೆ ಕೆಡವಿ ಕಟ್ಟಿದೆಯಲ್ಲಮ್ಮ" ಅಂದರು. ನನ್ನ ಮುಖ ಸಪ್ಪಗಾಯಿತು. "ನಾಳೆಯಿಂದ ಬಾ" ಅಂದರು.

ಆಗ ಸೆಂಟರಿನಲ್ಲಿ ನಡೆಯುತ್ತಿದ್ದ ದೊಡ್ಡ ಕೆಲಸ ಅಂದರೆ ಡೈರಿಗಳದ್ದು. ನಮ್ಮ ಕಡೆ ಊರೂರಿಗೂ ಹಾಲಿನ ಸಂಘ ಇದೆ, ನಾವು ಡೈರಿ ಅಂತಲೇ ಅನ್ನೋದು. ಯಾವ ಮನೆಯವರು ಯಾವ ದಿನ ಹಾಲು ಹಾಕಿದರು ಅಂತ ಡೈರಿಯಲ್ಲಿ ಬರೆದಿಡಬೇಕು. ಮೇಷ್ಟ್ರು ಅದನ್ನು ಬಹಳ ಚೆಂದಾಗಿ ಯೋಚಿಸಿದ್ದರು. ಒಬ್ಬ ಸದಸ್ಯರಿಗೆ ವರ್ಷಕ್ಕೆ ಒಂದು ಸಾಲು, ದಿನಕ್ಕೊಂದು ಅಕ್ಷರ. ಹಾಲು ಹಾಕಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಸಾಲನ್ನು ನೋಡಿದರೆ ಆ ಮನೆಯ ಹಸು ಯಾವಾಗ ಕರು ಹಾಕಿತು, ಯಾವಾಗ ಹಾಲು ಬತ್ತಿತು, ಯಾವ ವಾರ ಮನೆಯವರೆಲ್ಲ ಮದುವೆಗೆ ಹೋಗಿದ್ದರು ಅನ್ನೋದೆಲ್ಲ ಗೊತ್ತಾಗುತ್ತಿತ್ತು. ನನಗೆ ಆ ಸಾಲುಗಳನ್ನು ಓದೋದು ಒಂದು ಚಟವೇ ಆಗಿಹೋಯಿತು.

ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಕರೆಂಟು ಹೋದ ದಿನ ಡೈರಿಯ ಕಾರ್ಯದರ್ಶಿ ಚೀಟಿಯಲ್ಲಿ ಬರೆದಿಟ್ಟುಕೊಂಡು, ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಬೇಕು. ಆಗ ಸೊನ್ನೆ ಇದ್ದ ಕಡೆ ಒಂದು ಆಗಬೇಕು. ಎಲ್ಲ ಡೈರಿಗಳ ಸಾಲುಗಳನ್ನೂ ಒಂದಕ್ಕೊಂದು ಸೇರಿಸಿ ಒಂದೇ ಉದ್ದನೆಯ ಸ್ಟ್ರಿಂಗ್ ಮಾಡಿಟ್ಟಿದ್ದರಿಂದ, ಒಂದೊಂದು ಅಕ್ಷರಕ್ಕೂ ನಾನು ಅಷ್ಟನ್ನೂ ಕತ್ತರಿಸಿ ಅಂಟಿಸುತ್ತಿದ್ದೆ. ನಾನು ಬರೆದ ಪ್ರೋಗ್ರಾಂ ಓಡಲು ಶುರುವಾದರೆ, ಕೆಳಗಿಳಿದು ಹೋಗಿ ಕಾಫಿ ಕುಡಿದು ಬಂದರೂ ಮುಗಿದಿರುತ್ತಿರಲಿಲ್ಲ. ಮೇಷ್ಟ್ರು ಎರಡು ದಿನ ಏನೂ ಅನ್ನದೆ ನೋಡಿದರು. ಮೂರನೇ ದಿನ ಊರಿಂದ ಬಟ್ಟೆ ಚೀಲದಲ್ಲಿ ಎರಡು ವಸ್ತು ತಂದರು. ಒಂದು ಮಣಿಸರ, ಇನ್ನೊಂದು ಅವರ ಅಜ್ಜಿ ಕಾಲದ ಅಳಗುಳಿ ಮಣೆ, ಗುಳಿಗಳಲ್ಲಿ ಹುಣಸೆ ಬೀಜ.

"ಈ ಸರದಲ್ಲಿ ಹತ್ತೊಂಬತ್ತನೇ ಮಣಿ ಕೆಂಪು ಮಾಡು" ಅಂದರು. ಮಾಡಿದೆ. ಗಂಟು ಬಿಚ್ಚಿ, ಮಣಿಗಳನ್ನೆಲ್ಲ ನೆಲದ ಮೇಲೆ ಸುರಿದುಕೊಂಡು, ಮತ್ತೆ ಮೊದಲಿನಿಂದ ಪೋಣಿಸಿದೆ. ಅಷ್ಟರಲ್ಲಿ "ಈಗ ಇಪ್ಪತ್ತಾರನೇದು" ಅಂದರು. ಮತ್ತೆ ಬಿಚ್ಚಿದೆ. "ಈಗ ಏಳನೇದು." ನನಗೆ ಅಳು ಬರೋ ಹಾಗಾಯಿತು. ಆಗ ಮಣೆಯನ್ನು ನನ್ನ ಮುಂದೆ ತಳ್ಳಿ, "ಇಲ್ಲಿ ಏಳನೇ ಗುಳಿಯ ಬೀಜ ತೆಗಿ" ಅಂದರು. ಕೈ ಹಾಕಿ ತೆಗೆದೆ. "ಅಷ್ಟೇ ಕಣಮ್ಮ. ತಿದ್ದೋದು ಬೇಕಾದಷ್ಟಿದ್ದಾಗ ಸರವನ್ನ ಒಂದೇ ಸಲ ಬಿಚ್ಚಿ ಗುಳಿಗೆ ಹಾಕ್ಕೋ. ಎಲ್ಲಿ ಬೇಕೋ ಅಲ್ಲಿ ಮಾತ್ರ ಕೈ ಹಾಕು. ಎಲ್ಲ ತಿದ್ದಿ ಆದಮೇಲೆ ಕೊನೆಗೆ ಒಂದೇ ಸಲ ಪೋಣಿಸು. ಬೇಕಾದ್ದನ್ನ ಮಾತ್ರ ಮುಟ್ಟು, ಉಳಿದದ್ದರ ತಂಟೆಗೆ ಹೋಗಬೇಡ."

ಅವತ್ತೇ ಕೂತು ತಿರುಗಿ ಬರೆದೆ. ಸಾಲನ್ನು ಅಕ್ಷರಗಳ ಪಟ್ಟಿ ಮಾಡಿಕೊಂಡು, ಪಟ್ಟಿಯಲ್ಲಿ ತಿದ್ದಿ, ಕೊನೆಗೆ ಜೋಡಿಸಿದೆ. ಬಟನ್ ಒತ್ತಿ ಕೈ ತೆಗೆಯೋದರೊಳಗೆ ಮುಗಿದಿತ್ತು. ಮೇಷ್ಟ್ರು ಒಂದೇ ಒಂದು ಸಲ ಚಪ್ಪಾಳೆ ತಟ್ಟಿದರು. ಅದು ಅವರ ಪದ್ಧತಿ. ಸುಮ್ಮಸುಮ್ಮನೆ ಹೊಗಳೋ ಜಾತಿ ಅಲ್ಲ. ಸಂಜೆ ಬಸ್‌ಸ್ಟ್ಯಾಂಡಿಗೆ ಇಳಿಯುವಾಗ ಗೊಬ್ಬರದಂಗಡಿಯವರನ್ನು ನಿಲ್ಲಿಸಿಕೊಂಡು, "ಈ ಹೆಣ್ಣುಮಗು ನನಗಿಂತ ಚೆನ್ನಾಗಿ ಬರೀತಾಳೆ" ಅಂದರು. ನಾನು ಹಿರೀಸಾವೆ ದಾಟಿ ನಮ್ಮೂರ ಗೇಟಿನಲ್ಲಿ ಇಳಿಯೋ ತನಕ ಸೀಟಿನಲ್ಲಿ ಕೂತೇ ಇರಲಿಲ್ಲ, ತೇಲುತ್ತಿದ್ದೆ.

ಇಂಥವರನ್ನು ನಂಬದೆ ಯಾರನ್ನು ನಂಬೋದು ಹೇಳಿ? ಮೊದಲ ತಿಂಗಳಲ್ಲೇ ನನ್ನ ಪಾಸ್‌ವರ್ಡ್ ಅವರಿಗೆ ಕೊಟ್ಟಿದ್ದೆ. ಅವರೇನು ಕೇಳಿರಲಿಲ್ಲ. "ನಾನು ರಜಾ ಹಾಕಿದ ದಿನ ಬೇಕಾದರೆ ಇರಲಿ ಸಾ" ಅಂತ ನಾನೇ ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಅದನ್ನು ಓದಿ, ಸಣ್ಣದಾಗಿ ಮಡಿಚಿ, ಹರಿದು ಬುಟ್ಟಿಗೆ ಹಾಕಿದರು. "ಇಂಥದ್ದನ್ನೆಲ್ಲ ಬರೆದಿಡಬಾರದಮ್ಮ, ಜ್ಞಾಪಕ ಇಟ್ಕೊಳ್ತೀನಿ" ಅಂದರು. ಎಷ್ಟು ಜವಾಬ್ದಾರಿ ಅಂದುಕೊಂಡೆ ನಾನು, ಪೆದ್ದಿ.

ನಮ್ಮವ್ವನಿಗಂತೂ ಮೇಷ್ಟ್ರು ಅಂದರೆ ದೇವರು. ಅದಕ್ಕೆ ಕಾರಣ ಒಂದು ಊಟ. ನಮ್ಮೂರ ಡೈರಿಗೆ ಕಂಪ್ಯೂಟರ್ ಕೂರಿಸಲು ಬಂದ ದಿನ ಮಧ್ಯಾಹ್ನ ಆಗಿಹೋಗಿತ್ತು. ನಾನು ಅಳುಕುತ್ತಲೇ, "ಮನೆ ಇಲ್ಲೇ ಹತ್ರ ಸಾ, ಕಾಫಿನಾದ್ರೂ..." ಅಂದೆ. "ಊಟದ ಹೊತ್ತಲ್ಲಿ ಯಾರಮ್ಮ ಕಾಫಿ ಕುಡೀತಾರೆ? ಊಟ ಹಾಕ್ಸು" ಅಂದರು. ಅವ್ವ ಗಾಬರಿಯಾಗಿಬಿಟ್ಟಳು. "ಅಯ್ಯೋ, ಅಯ್ನೋರು ನಮ್ಮನೇಲಿ ಉಣ್ತಾರೇನೆ? ಏನ್ ಮಾಡಾನೆ ಈಗ?" ಅಂತ ಒಳಗೂ ಹೊರಗೂ ಓಡಾಡಿದಳು. ಮೇಷ್ಟ್ರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಮುದ್ದೆ ಮುರಿದು ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗಿದರು. ಇನ್ನರ್ಧ ಮುದ್ದೆ ಕೇಳಿ ಹಾಕಿಸಿಕೊಂಡರು. ಆ ಬೀದಿಯಿಂದ ಬಂದು ನಮ್ಮ ಮನೆಯಲ್ಲಿ ಉಂಡವರು ಅವರೊಬ್ಬರೇ. ಅವ್ವ ಆ ಕಥೆಯನ್ನು ಊರಿಗೆಲ್ಲ ಹಂಚಿದಳು.

ಡೈರಿ ಎಲೆಕ್ಷನ್ ಬಂದದ್ದು ಅದರ ಮುಂದಿನ ವರ್ಷ. ಅವ್ವ ಡೈರೆಕ್ಟರ್ ಸ್ಥಾನಕ್ಕೆ ನಿಲ್ಲುತ್ತೀನಿ ಅಂದಳು. ಅವಳಿಗೇನು ಕುರ್ಚಿ ಹುಚ್ಚಿರಲಿಲ್ಲ. ಸಂಜೆ ಹಾಲು ತಗೊಳ್ಳೋ ಹೊತ್ತು ಎಳೆದು ಎಳೆದು ಕತ್ತಲಾಗುತ್ತಿತ್ತು. ಆಗಿನ ಅಧ್ಯಕ್ಷರು ಪೇಟೆಯಿಂದ ಬಂದಮೇಲೆಯೇ ಬಾಗಿಲು ತೆರೆಯೋದು. ಹಾಲು ಹಾಕೋರು ಮುಕ್ಕಾಲು ಪಾಲು ಹೆಂಗಸರು, ಕ್ಯಾನು ಹಿಡಿದುಕೊಂಡು ರಸ್ತೆಯಲ್ಲಿ ನಿಂತು ಸಾಯಬೇಕು. ಅತ್ತ ಮನೆಯಲ್ಲಿ ಒಲೆ ಹಚ್ಚಿಲ್ಲ, ಇತ್ತ ಹಾಲು ಒಡೆಯೋ ಭಯ. "ಆರ್ ಗಂಟ್ಗೆ ಬಾಕ್ಲು ತೆಗೀಬೇಕು ಅಷ್ಟೇ ಕಣಮ್ಮಿ. ಯೋಳಿ ಯೋಳಿ ಸಾಕಾಯ್ತು, ಒಳಗ್ ಓಗೇ ಮಾಡುಸ್ಬೇಕು" ಅಂದಳು. ಸಾಲಿನಲ್ಲಿ ನಿಲ್ಲುತ್ತಿದ್ದ ಹನ್ನೆರಡು ಜನ ಹೆಂಗಸರು ಅವಳ ಬೆನ್ನಿಗೆ ನಿಂತರು. ಹುಟ್ಟಿದಾಗಿನಿಂದ ಯಾವುದಕ್ಕೂ ಆಸೆ ಪಡದ ನಮ್ಮವ್ವ ಆ ತಿಂಗಳೆಲ್ಲ ಹುರುಪಿನಲ್ಲಿ ಓಡಾಡಿದಳು.

ನಿಲ್ಲೋಕೂ ಓಟು ಹಾಕೋಕೂ ಒಂದೇ ನಿಯಮ. ಹಿಂದಿನ ವರ್ಷ ನೂರ ಎಂಬತ್ತು ದಿನವಾದರೂ ಡೈರಿಗೆ ಹಾಲು ಹಾಕಿರಬೇಕು. ನಮ್ಮನೆಗಿದ್ದ ಒಂದೇ ಹಸು ಆ ವರ್ಷ ಬಹಳ ದಿನ ಹಾಲು ಬತ್ತಿಸಿಕೊಂಡಿತ್ತು. ಅವ್ವನ ಲೆಕ್ಕ ನೂರ ಎಂಬತ್ತಮೂರು. ಉಳಿದ ಹೆಂಗಸರದ್ದೂ ಹಾಗೇ ಗೆರೆಯ ಅಂಚಿನಲ್ಲೇ ಇತ್ತು. ವರ್ಷ ಮುಗಿಯುವ ಮುಂಚೆ ಮೇಷ್ಟ್ರೇ ನನಗೆ, "ಗೆರೆ ಹತ್ತಿರ ಇರೋರು ಯಾರು ಯಾರು ಅಂತ ಒಂದು ಪಟ್ಟಿ ತೆಗಿಯಮ್ಮ, ಎಚ್ಚರಿಸೋಣ, ಪಾಪ" ಅಂದಿದ್ದರು. ನಾನು ಖುಷಿಯಿಂದ ತೆಗೆದು, ಅವರ ಕೈಗೇ ಕೊಟ್ಟಿದ್ದೆ. ಅವರೆಲ್ಲರೂ ಗೆರೆ ದಾಟಿದರು, ನಾನೇ ನೋಡಿದ್ದೆ.

ಆಮೇಲೆ ಅರಕಲಗೂಡಿನಲ್ಲಿ ನಮ್ಮ ಚಿಕ್ಕಮ್ಮನ ಮಗಳ ನಿಶ್ಚಿತಾರ್ಥ ಬಂತು. ಎರಡು ದಿನ ರಜಾ ಕೇಳಿದೆ. "ಹೋಗಿ ಬಾರಮ್ಮ, ಹೋಳಿಗೆ ತಿಂದು ಬಾ" ಅಂದರು ಮೇಷ್ಟ್ರು. ಹೋಳಿಗೆ ತಿಂದು ಬಂದೆ. ಬಂದ ಮರುದಿನ ಡೈರಿಯ ಬಾಗಿಲಿಗೆ ಮತದಾರರ ಪಟ್ಟಿ ಅಂಟಿಸಿದರು. ಅವ್ವನ ಹೆಸರಿಲ್ಲ. ಹನ್ನೆರಡು ಹೆಂಗಸರ ಹೆಸರೂ ಇಲ್ಲ. ಅವ್ವ ಹಾಲು ಹಾಕಿದ್ದು ನೂರ ಎಪ್ಪತ್ತೊಂಬತ್ತು ದಿನವಂತೆ.

"ಚೀಟಿ ಐತೆ ಕಣಮ್ಮಿ, ಒಂದೂ ಬಿಸಾಕಿಲ್ಲ" ಅಂದಳು ಅವ್ವ. ಹಾಲು ಹಾಕಿದಾಗಲೆಲ್ಲ ಯಂತ್ರ ಒಂದು ಸಣ್ಣ ಚೀಟಿ ಕೊಡುತ್ತೆ. ಅವ್ವ ಅಷ್ಟನ್ನೂ ಕಂಬಿಗೆ ಚುಚ್ಚಿ ಇಟ್ಟಿದ್ದಳು. ಎಲ್ಲಿ? ಅಡುಗೆ ಮನೆಯಲ್ಲಿ, ಒಲೆಯ ಮೇಲೆ. ಇಲಿ ತಿನ್ನಬಾರದು, ಶೀತ ತಾಗಬಾರದು ಅಂತ. ಅದು ಬಿಸಿ ತಾಗಿದರೆ ಕಪ್ಪಾಗುವ ಕಾಗದ. ಕಂಬಿ ಇಳಿಸಿ ನೋಡಿದರೆ ಇಡೀ ವರ್ಷದ ಚೀಟಿಗಳು ಇದ್ದಿಲಿನ ಹಾಗೆ ಕಪ್ಪು. ಒಂದಕ್ಷರ ಕಾಣದು. ಹಾಲಿನ ಬಟವಾಡೆ ಹದಿನೈದು ದಿನಕ್ಕೊಮ್ಮೆ ಒಟ್ಟು ಲೀಟರಿನ ಮೇಲೆ ಆಗೋದು, ಅದರಲ್ಲಿ ಯಾವ ದಿನ ಅಂತ ಇರೋದಿಲ್ಲ. ಕೈಯಲ್ಲಿ ಬರೆಯೋ ಹಳೇ ಕಾರ್ಡನ್ನು ನಾವೇ, ಮೇಷ್ಟ್ರು ಮತ್ತು ನಾನು, "ಇನ್ಯಾಕೆ ಅದು" ಅಂತ ನಿಲ್ಲಿಸಿದ್ದೆವು.

ಸೆಂಟರಿಗೆ ಹೋಗಿ ಅವ್ವನ ಸಾಲು ತೆಗೆದು ನೋಡಿದೆ. ನಾಲ್ಕು ಒಂದುಗಳು ಸೊನ್ನೆಯಾಗಿದ್ದವು. ಒಂದೊಂದೂ ಒಂದೊಂದು ತಿಂಗಳಲ್ಲಿ, ಯಾರಿಗೂ ನೆನಪಿರದಂಥ ದಿನಗಳು. ಆದರೆ ಅದರಲ್ಲೊಂದು ಶಿವರಾತ್ರಿಯ ಮಾರನೇ ದಿನ. ಅವ್ವ ಜಾಗರಣೆ ಮಾಡಿ ಮಲಗಿದ್ದಳು, ಬೆಳಿಗ್ಗೆ ಕ್ಯಾನು ಹೊತ್ತುಕೊಂಡು ಡೈರಿಗೆ ಹೋದವಳು ನಾನೇ. ನಾನೇ ಹಾಕಿದ ಹಾಲು! ಯಾರು ಯಾವಾಗ ತಿದ್ದಿದರು ಅನ್ನೋದು ಪ್ರೋಗ್ರಾಮಿನ ಲಾಗ್‌ನಲ್ಲಿ ದಾಖಲಾಗಿರುತ್ತೆ. ತೆಗೆದೆ. ಹದಿಮೂರು ಜನರ ಸಾಲುಗಳೂ ಒಂದೇ ಮಧ್ಯಾಹ್ನ, ಒಂದೇ ನಿಮಿಷದಲ್ಲಿ ತಿದ್ದಿದ್ದು. ತಿದ್ದಿದವರ ಹೆಸರು ನನ್ನದು. ನಾನು ಅರಕಲಗೂಡಿನಲ್ಲಿ ಎಲೆ ಮುಂದೆ ಕೂತಿದ್ದ ಮಧ್ಯಾಹ್ನ.

ಅಷ್ಟು ಸಾಲುಗಳನ್ನು ಅಷ್ಟು ಬೇಗ, ಅಷ್ಟು ಚೊಕ್ಕವಾಗಿ ತಿದ್ದುವ ಪ್ರೋಗ್ರಾಂ ಬರೆದವಳು ನಾನು. ಪಾಸ್‌ವರ್ಡ್ ಗೊತ್ತಿದ್ದವರು ಇನ್ನೊಬ್ಬರೇ. ನಾನು ಇದನ್ನೆಲ್ಲ ನೋಡಿದ ದಿನ ಅವರು ಸೆಂಟರಿಗೆ ಬಂದಿರಲಿಲ್ಲ. ಸೀದಾ ಹೊಳೆನರಸೀಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಅವರಲ್ಲ ಅನ್ನಲಿ ದೇವರೇ, ಇನ್ಯಾರೋ ಅನ್ನಲಿ, ಅಂತ ಬೇಡಿಕೊಂಡೆ. ಅವರು ಸುಳ್ಳು ಹೇಳಿದ್ದರೂ ನಾನು ಅವತ್ತು ನಂಬುತ್ತಿದ್ದೆ.

ಮೇಷ್ಟ್ರು ಜಗುಲಿಯ ಮೇಲೆ ಪೇಪರ್ ಓದುತ್ತಿದ್ದರು. ನನ್ನ ಮುಖ ನೋಡಿ ಪೇಪರ್ ಮಡಿಚಿಟ್ಟರು. "ಲಾಗ್ ನೋಡಿದೆಯಾ?" ಅಂದರು. ಒಂದು ಚೂರು ಗಾಬರಿ ಇಲ್ಲ.

"ಯಾಕ್ ಸಾ?" ಅಂದೆ.

"ಅಧ್ಯಕ್ಷರು ಬಂದಿದ್ರಮ್ಮ. ಸುತ್ತಲ ಎಲ್ಲ ಸಂಘಗಳಿಗೂ ನಮ್ಮ ಪ್ರೋಗ್ರಾಮೇ ಹಾಕಿಸ್ತೀನಿ ಅಂದ್ರು. ಇಲ್ಲ ಅಂದಿದ್ರೆ ಇದ್ದದ್ದೂ ಹೋಗ್ತಿತ್ತು. ಸೆಂಟರ್ ಮುಚ್ಚಬೇಕಾಗ್ತಿತ್ತು. ನೀನು ಬರೆದ ಪ್ರೋಗ್ರಾಂ ತಾನೆ, ಊರೂರಿಗೂ ಹೋದ್ರೆ ನಿನಗೇ ಹೆಸರು."

"ನಮ್ಮವ್ವನ ಹೆಸರು ತೆಗೆದ್ರಲ್ಲ ಸಾ."

ಆಗ ಅವರು ಅಂದ ಮಾತನ್ನು ನಾನು ಸಾಯೋ ತನಕ ಮರೆಯೋದಿಲ್ಲ. ಕನ್ನಡಕ ಮೇಲೇರಿಸಿ, ಪಾಠ ಹೇಳುವ ದನಿಯಲ್ಲೇ ಅಂದರು: "ನೋಡಮ್ಮ, ನಾನು ಯಾರದ್ದನ್ನೂ ಹಾಳು ಮಾಡಿಲ್ಲ. ಎಷ್ಟು ಬೇಕೋ ಅಷ್ಟೇ ಮುಟ್ಟಿದ್ದೀನಿ. ಹದಿಮೂರು ಜನಕ್ಕೆ ಸೇರಿ ನಲವತ್ತೊಂದು ಅಕ್ಷರ. ನಿಮ್ಮ ತಾಯೀದು ನಾಲ್ಕೇ."

ನಾಲ್ಕೇ! ಅದರಲ್ಲಿ ಅವರಿಗೆ ಹೆಮ್ಮೆಯಿತ್ತು. ನನ್ನ ಕಣ್ಣಾರೆ ಕಂಡೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ ಅಂತ ಬರೆಯಲು ಆಸೆ. ಆದರೆ ಅನ್ನಲಿಲ್ಲ. ಅತ್ತೆ, ಅಷ್ಟೇ. ಅವರ ಮನೆಯವರು ಒಳಗಿನಿಂದ ನೀರು ತಂದುಕೊಟ್ಟು, "ಯಾಕಮ್ಮ, ಮನೇಲಿ ಎಲ್ಲ ಕ್ಷೇಮ ತಾನೆ?" ಅಂತ ಕೇಳಿದರು.

ನೀರು ಕುಡಿದು ಸುಮ್ಮನಾದ ಮೇಲೆ ಮೇಷ್ಟ್ರು ಮೆತ್ತಗೆ ಶುರು ಮಾಡಿದರು. "ಸರಿ, ನಿನಗೆ ಇಷ್ಟು ನೋವಾಗುತ್ತೆ ಅಂತ ಗೊತ್ತಿರಲಿಲ್ಲ. ವಾಪಸ್ ಸರಿ ಮಾಡೋಣ. ಆದ್ರೆ ಕಾರಣ ಬೇಕಲ್ಲ? ಪ್ರೋಗ್ರಾಮಿನಲ್ಲಿ ದೋಷ ಆಗಿ ಹದಿಮೂರು ಜನದ್ದು ಕಮ್ಮಿ ತೋರಿಸ್ತು ಅಂತ ಒಂದು ಪತ್ರ ಕೊಡು. ದೋಷ ಅಂದ್ರೆ ಯಾರೂ ಬೇಜಾರು ಮಾಡ್ಕೊಳಲ್ಲ. ಕಳ್ಳತನ ಅಂದ್ರೆ ಪೊಲೀಸು, ಕೋರ್ಟು. ಅಷ್ಟರಲ್ಲಿ ಎಲೆಕ್ಷನ್ನೇ ಮುಗಿದಿರುತ್ತೆ. ನಾಮಪತ್ರಕ್ಕೆ ಇನ್ನೂ ಮೂರು ದಿನ ಇದೆ. ಪತ್ರ ನಾಳೆ ಬೆಳಿಗ್ಗೇನೇ ಡೈರಿಗೆ ಮುಟ್ಟಿಸ್ತೀನಿ, ಹದಿಮೂರು ಹೆಸರೂ ಒಳಗೆ ಬರುತ್ತೆ."

"ನಿಜಾನಾ ಸಾ?"

"ನಾನು ಯಾವಾಗಲಾದ್ರೂ ನಿನಗೆ ಸುಳ್ಳು ಹೇಳಿದ್ದೀನಾ?"

ಹೇಳಿರಲಿಲ್ಲ. ಅವತ್ತಿನವರೆಗೂ ನಿಜವಾಗಿ ಹೇಳಿರಲಿಲ್ಲ. ಎದುರಿಗೆ ಕೂತು ಮೋಸ ಒಪ್ಪಿಕೊಂಡ ಮನುಷ್ಯನನ್ನು ಅದೇ ಜಗುಲಿಯ ಮೇಲೆ ಎರಡನೇ ಸಲ ನಂಬಿದೆ. ಅವರು ಒಂದೊಂದೇ ವಾಕ್ಯ ಹೇಳಿದರು, ನಾನು ಬರೆದೆ. ನಾನು ಬರೆದ ಪ್ರೋಗ್ರಾಮಿನ ದೋಷ, ನನ್ನದೇ ಅಜಾಗರೂಕತೆ, ಇದಕ್ಕೆ ನಾನೊಬ್ಬಳೇ ಹೊಣೆ. ಅವ್ವನ ಹೆಸರು ಬಂದರೆ ಸಾಕು, ನನ್ನದು ಹೋದರೂ ಹೋಗಲಿ ಅಂದುಕೊಂಡು ಸಹಿ ಹಾಕಿದೆ. ಮೇಷ್ಟ್ರು ಪತ್ರವನ್ನು ಎರಡು ಸಲ ಓದಿ, ತಾರೀಕಿನ ಜಾಗ ಖಾಲಿ ಬಿಡಿಸಿ, ಬ್ಯಾಗಿಗೆ ಹಾಕಿಕೊಂಡರು.

ಬ್ಯಾಗಿನಲ್ಲೇ ಇಟ್ಟುಕೊಂಡರು. ಒಂದು ದಿನ, ಎರಡು ದಿನ, ಮೂರು ದಿನ. ಫೋನು ಮಾಡಿದರೆ "ಕೊಟ್ಟಿದ್ದೀನಮ್ಮ, ಅವರು ನೋಡ್ತಾ ಇದ್ದಾರೆ" ಅಂದರು. ಡೈರಿಗೆ ಹೋಗಿ ಕೇಳಿದರೆ ಕಾರ್ಯದರ್ಶಿ ಮುಖ ತಿರುಗಿಸಿದ. ನಾಮಪತ್ರದ ಗಡುವು ಮುಗಿದ ಮಾರನೇ ದಿನ ಮೇಷ್ಟ್ರು ಬಿಳಿ ಅಂಗಿ ಹಾಕಿಕೊಂಡು ನಮ್ಮೂರಿಗೆ ಬಂದು, ಆ ಪತ್ರವನ್ನು ಎಲ್ಲರೆದುರಿಗೆ ಅಧ್ಯಕ್ಷರ ಕೈಗೆ ಕೊಟ್ಟರು. "ಹುಡುಗಿಯ ಕೈಯಲ್ಲಿ ತಪ್ಪಾಗಿದೆ. ನನಗೆ ಗೊತ್ತಾದದ್ದು ಈಗಷ್ಟೇ. ಗುರುವಾಗಿ ನಾನು ತಲೆ ತಗ್ಗಿಸ್ತೀನಿ" ಅಂತ ನಿಜವಾಗಿಯೂ ತಲೆ ತಗ್ಗಿಸಿದರಂತೆ. ತಪ್ಪಾಗಿರೋದು ನಿಜ, ಆದರೆ ಗಡುವು ಮುಗಿದಿದೆ, ಪಟ್ಟಿ ಬದಲಾಯಿಸಲು ಬರೋದಿಲ್ಲ ಅಂತ ಅಧ್ಯಕ್ಷರು ವಿಷಾದಿಸಿದರು. ನನ್ನ ಪತ್ರವನ್ನು ಡೈರಿಯ ಬಾಗಿಲಿಗೆ ಅಂಟಿಸಿದರು. ನಮ್ಮೂರ ಹೆಂಗಸರು ಎರಡು ವಾರ ಸಂಜೆ ಸಂಜೆ ಸಾಲಿನಲ್ಲಿ ನಿಂತು ಅದನ್ನು ಓದಿದರು, ಓದಲು ಬಾರದವರಿಗೆ ಓದಿ ಹೇಳಿದರು.

ಅವ್ವನಿಗೆ ಎಲ್ಲ ಹೇಳಿದೆ. ಪಾಸ್‌ವರ್ಡು, ಅರಕಲಗೂಡು, ಜಗುಲಿ, ಒಂದೂ ಬಿಡದೆ. ಅವಳು ಮೊರದಲ್ಲಿ ಅಕ್ಕಿ ಕೇರುವುದನ್ನು ನಿಲ್ಲಿಸಿ ಕೇಳಿದಳು.

"ಅದು ನಿನ್ ಕೈ ಬರವೇ ತಾನೇ?"

"ಹೂಂ ಕಣವ್ವ, ಆದ್ರೆ ಅವರು ಹೇಳಿ ಬರೆಸಿದ್ದು."

"ಯೋಳಿದ್ರೆ ಬರ್ಕೊಟ್ಬುಡದಾ? ತಪ್ಪು ಮಾಡ್ದೆ ಇರೋರು ಯಾರಾದ್ರೂ ತಪ್ಪಾಯ್ತು ಅಂತ ಬರ್ಕೊಡ್ತಾರಾ?" ಅಂದಳು. "ಆಗಿದ್ದ್ ಆಯ್ತು ಬುಡು. ನಿಂದೂ ಚಿಕ್ಕ್ ವಯಸ್ಸು. ಆದ್ರೆ ಅಯ್ನೋರ ಮ್ಯಾಲೆ ಆಕ್‌ಬ್ಯಾಡ ಕಣಮ್ಮಿ. ನಮ್ಮನೆ ನೆಲದ್ ಮ್ಯಾಲೆ ಕುಂತು ಮುದ್ದೆ ಉಂಡೋರು ಅವ್ರು. ಅಂತಾ ಮನ್ಸ ಅಂಗೆಲ್ಲಾ ಮಾಡಕಿಲ್ಲ." ಮತ್ತೆ ಮೊರ ಎತ್ತಿಕೊಂಡಳು. ನಾನು ಎಷ್ಟು ಹೇಳಿದರೂ ಅವಳು ಅದಕ್ಕಿಂತ ಮುಂದಕ್ಕೆ ಬರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನ್ನನ್ನು ಕ್ಷಮಿಸಿಬಿಟ್ಟಳು, ಅದನ್ನು ತಡೆದುಕೊಳ್ಳಲು ಆಗಲಿಲ್ಲ.

ಮೂರು ವರ್ಷ ಆಯಿತು. ನಾನು ಸೆಂಟರಿನ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಈಗ ಒಂದು ಶಾಲೆಯಲ್ಲಿ ಕಂಪ್ಯೂಟರ್ ಪಾಠ ಮಾಡ್ತೀನಿ. ಸ್ಟ್ರಿಂಗಿನ ಪಾಠ ಬಂದಾಗ ಪಟ್ಟಿ ಮಾಡಿಕೊಂಡು ತಿದ್ದಿ, ಕೊನೆಗೊಮ್ಮೆ ಜೋಡಿಸುವುದನ್ನೇ ಹೇಳಿಕೊಡ್ತೀನಿ, ಅದಕ್ಕಿಂತ ಚೆನ್ನಾಗಿ ಹೇಳಿಕೊಡುವ ದಾರಿ ನನಗೆ ಗೊತ್ತಿಲ್ಲ. ಅದೂ ಅವರದ್ದೇ. ಹೇಳುವಾಗ ನನ್ನ ದನಿಯೂ ಅವರ ದನಿಯ ಹಾಗೇ ಆಗುತ್ತೆ, ಆಮೇಲೆ ಸಿಟ್ಟು ಬರುತ್ತೆ. ನಮ್ಮೂರ ಡೈರಿಯ ಬಾಗಿಲು ಈಗಲೂ ಕತ್ತಲಾದ ಮೇಲೆಯೇ ತೆರೆಯೋದು. ಅವ್ವ ಈಗಲೂ ಕ್ಯಾನು ಹಿಡಿದುಕೊಂಡು ನಿಲ್ಲುತ್ತಾಳೆ. ಎಲೆಕ್ಷನ್ ಮಾತೆತ್ತಿದರೆ "ನಮ್ಗ್ಯಾಕ್ ಬುಡು ಅದೆಲ್ಲಾ" ಅನ್ನುತ್ತಾಳೆ.

ಈ ಲೇಖನ ಬರೆಯೋದಿಲ್ಲ ಅಂತಲೇ ಇದ್ದೆ. ಹಾಸನದ ಫೋನಿಗೆ ಇಲ್ಲ ಅಂದುಬಿಡೋಣ ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆದರೆ ಮೊನ್ನೆ ಭಾನುವಾರ ನಾನು ಬಟ್ಟೆ ಒಗೆದು ಬರುವಷ್ಟರಲ್ಲಿ ಅವ್ವ ಮನೆಯಲ್ಲಿರಲಿಲ್ಲ. ಸಂಜೆ ಬಸ್ಸಿಗೆ ಬಂದಳು, ಹಬ್ಬದ ಸೀರೆ ಉಟ್ಟಿದ್ದಳು, ಕೈಯಲ್ಲಿ ಖಾಲಿ ಚೀಲ. ಮೇಷ್ಟ್ರಿಗೆ ಸನ್ಮಾನ ಅಂತ ಯಾರೋ ಹೇಳಿದರಂತೆ. ತಿಂಗಳೊಪ್ಪತ್ತಿನಿಂದ ಬೆಣ್ಣೆ ಕೂಡಿಸಿ ಕಾಸಿದ ತುಪ್ಪವನ್ನು ಡಬ್ಬಿಗೆ ತುಂಬಿಕೊಂಡು, ಎರಡು ಬಸ್ಸು ಬದಲಾಯಿಸಿ ಹೊಳೆನರಸೀಪುರಕ್ಕೆ ಹೋಗಿ, ಅವರ ಕೈಗೇ ಕೊಟ್ಟು ಬಂದಿದ್ದಳು.

"ತಗಂಡ್ರಾ?" ಅಂದೆ.

"ತಗಳ್ದೆ? ಮೂಸ್ ನೋಡಿ, ಬೋ ಘಮ್ ಅಂತೈತೆ ಕಣಮ್ಮ ಅಂದ್ರು. ನನ್ ಮಗ್ಳು ಮಾಡಿದ್ ತಪ್ನ ಒಟ್ಟೆಗಾಕಳಿ ಸ್ವಾಮೇರಾ ಅಂದೆ. ಅಳೇದೆಲ್ಲಾ ಮರ್ತಿವ್ನಿ, ಅವಳ್ನ ಯಾವತ್ತೋ ಕ್ಷಮಿಸ್ಬುಟ್ಟಿವ್ನಿ ಅಂದ್ರು." ಅವ್ವನ ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಸಮಾಧಾನ. ಚೀಲ ಕೊಡವಿ ಮಡಿಚಿ ಗೂಡಿನಲ್ಲಿಟ್ಟು, ನನ್ನ ಕಡೆ ತಿರುಗಿ, "ನೀನೂ ಒಂದ್ ದಿನ ಓಗಿ ಕಾಲಿಗ್ ಬಿದ್ದು ಬಾ ಕಣಮ್ಮಿ" ಅಂದಳು.